ಹೊಗೆ ಕವಿದ ಊರಿನಲ್ಲಿ ಆಟವೆ?

ಮಳೆ ಬಂದರೆ ಕ್ರಿಕೆಟ್ಟಿನ ಆಟ ನಿಲ್ಲುತ್ತದೆ. ಬೆಳಕು ಕುಂದಿದರೂ ನಿಲ್ಲುತ್ತದೆ. ಇದನ್ನು ಚಿಕ್ಕ ಮಕ್ಕಳೂ ಬಲ್ಲರು. ಮಳೆಗೂ ಮಬ್ಬಿಗೂ ಹಿಂದಿನವರೇ ನಿಯಮಗಳನ್ನು ಮಾಡಿಟ್ಟಿರುವುದರಿಂದ ಅಲ್ಲಿ ಹೆಚ್ಚಿನ ವಾದಕ್ಕೆ ಎಡೆಯಿಲ್ಲ. ಆದರೆ ಎಲ್ಲಿಯೋ ದೂರದ ಕಾಡು ಹೊತ್ತಿ ಉರಿದು, ಅದರ ಹೊಗೆಯು ನೂರಾರು ಮೈಲಿಗಳನ್ನು ದಾಟಿ ಬಂದು ಊರಿನ ಮೇಲೆ ಕವಿದುಕೊಂಡರೆ ಏನು ಮಾಡತಕ್ಕದ್ದು? ಅಂಗಳ ಒಣಗಿದೆ, ಆಟಗಾರರು ಬಂದಿದ್ದಾರೆ, ಜನರು ಹಣ ತೆತ್ತು ಕುಳಿತಿದ್ದಾರೆ. ಕೆಟ್ಟಿರುವುದು ಗಾಳಿಯೊಂದೇ. ಇಂತಹ ಸ್ಥಿತಿಯಲ್ಲಿ ಪಂದ್ಯವನ್ನು ನಡೆಸಬಹುದೆ, ಮುಂದಕ್ಕೆ ಹಾಕಬೇಕೆ, ಅಥವಾ ಇಡೀ ಪಂದ್ಯವನ್ನೇ ಎತ್ತಿ ಗಾಳಿ ಚೆನ್ನಾಗಿರುವ ಇನ್ನೊಂದು ಊರಿಗೆ ಒಯ್ಯಬೇಕೆ? ಆಸ್ಟ್ರೇಲಿಯ, ಅಮೆರಿಕ ಮೊದಲಾದ ದೇಶಗಳಲ್ಲಿ ಈ ಪ್ರಶ್ನೆಯು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಮಕ್ಕಳನ್ನು ಆಟದ ಬಯಲಿಗೆ ಕಳುಹಿಸುವ ಗೃಹಸ್ಥರೆಲ್ಲರೂ ಇದನ್ನು ಆಲೋಚಿಸುವುದು ಒಳ್ಳೆಯದೆಂದು ತೋರಿ, ನಾವು ಇಲ್ಲಿ ಅದರ ಪೂರ್ವಾಪರಗಳನ್ನು ವಿಚಾರಿಸಲು ಹೊರಟಿದ್ದೇವೆ.

ಮೊದಲು ಆಸ್ಟ್ರೇಲಿಯದ ಸಂಗತಿಯನ್ನು ನೋಡೋಣ. ೨೦೧೯ನೆಯ ಇಸವಿಯ ಕೊನೆಯಲ್ಲಿಯೂ ೨೦೨೦ರ ಮೊದಲಿನಲ್ಲಿಯೂ ಆ ಖಂಡದ ಪೂರ್ವಭಾಗದ ಕಾಡುಗಳು ತಿಂಗಳುಗಟ್ಟಲೆ ಉರಿದುವು. ನಮ್ಮಲ್ಲಿ ಚಳಿಯ ಕಾಲವಾದಾಗ ಅಲ್ಲಿ ಕಡುಬೇಸಗೆ; ಕ್ರಿಕೆಟ್ಟಿಗೂ ಟೆನ್ನಿಸಿಗೂ ಅದೇ ಸುಗ್ಗಿಯ ಕಾಲ. ಹೀಗೆ ಬೆಂಕಿಯ ಋತುವೂ ಆಟದ ಋತುವೂ ಒಂದೇ ಆಗಿ ಕೂಡಿಬಂದುವು. ೨೦೧೯ರ ಡಿಸೆಂಬರ್ ೨೧ರಂದು ರಾಜಧಾನಿಯಾದ ಕ್ಯಾನ್‌ಬೆರಾದ ಮನುಕಾ ಮೈದಾನದಲ್ಲಿ ಸಿಡ್ನಿ ಥಂಡರ್ ಮತ್ತು ಅಡಿಲೇಡ್ ಸ್ಟ್ರೈಕರ್ಸ್ ಎಂಬ ಎರಡು ತಂಡಗಳ ಇಪ್ಪತ್ತು ಓವರುಗಳ ಪಂದ್ಯವು ನಡೆಯುತ್ತಿತ್ತು. ಮೊದಲ ತಂಡದ ಸರದಿ ಮುಗಿದು, ಎರಡನೆಯ ತಂಡವು ಆಟಕ್ಕಿಳಿದು ಐದು ಓವರುಗಳು ತುಂಬುವುದಕ್ಕೆ ಮೊದಲೇ ಹೊಗೆಯು ಅಂಗಳವನ್ನು ಮುಸುಕಿ, ಪಂದ್ಯವನ್ನು ಅರ್ಧಕ್ಕೆ ಕೈಬಿಡಬೇಕಾಯಿತು. ಮಳೆಯ ಹನಿಯೊಂದೂ ಬೀಳದೆ, ಹೊಗೆಯೊಂದರಿಂದಲೇ ಆಟವು ನಿಂತುಹೋಯಿತು.

ಅಲ್ಲಿಂದ ಹನ್ನೊಂದೇ ದಿನಗಳಲ್ಲಿ, ೨೦೨೦ರ ಹೊಸವರ್ಷದ ದಿನ, ಕ್ಯಾನ್‌ಬೆರಾದ ಗಾಳಿಯು ಅಪಾಯವೆಂದು ಗುರುತಿಸಿದ ಗಡಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಮೀರಿತು. ಆ ವಾರವೇ ಅಲ್ಲಿ ಅಂತರರಾಷ್ಟ್ರೀಯ ಟೆನ್ನಿಸ್ ಪಂದ್ಯಾವಳಿಯೊಂದು ಆರಂಭವಾಗತಕ್ಕದ್ದಿತ್ತು. ಅಧಿಕಾರಿಗಳು ಅದನ್ನು ನಿಲ್ಲಿಸಲಿಲ್ಲ, ಅಲ್ಲಿಯೇ ನಡೆಸಲೂ ಇಲ್ಲ. ರಸ್ತೆಯ ದಾರಿಯಾಗಿ ಮುನ್ನೂರು ಮೈಲಿಗೂ ಹೆಚ್ಚು ದೂರವಿರುವ, ವಿಕ್ಟೋರಿಯ ಪ್ರಾಂತದ ಬೆಂಡಿಗೋ ಎಂಬ ಪಟ್ಟಣಕ್ಕೆ ಒಯ್ದರು. ಹೆಸರು ಕ್ಯಾನ್‌ಬೆರಾದ್ದು, ಅಂಗಳ ಬೆಂಡಿಗೋವಿನದು. ಆಟವು ಅಲ್ಲಿ ಸಾಂಗವಾಗಿ ಮುಗಿಯಿತು.

ಇದು ಸುಲಭವಾದ ಪರಿಹಾರದಂತೆ ಕಾಣಬಹುದು. ಹಾಗಿದ್ದರೆ ಎಲ್ಲ ಕಡೆಗಳಲ್ಲಿಯೂ ಹೀಗೆಯೇ ಮಾಡುವುದಿಲ್ಲವೇಕೆ? ಇದಕ್ಕೆ ಉತ್ತರ ಹೇಳುವ ಮುನ್ನ ಹೊಗೆಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕಾಗಿದೆ.

ಕಾಡಿನ ಹೊಗೆಯಲ್ಲಿ ಹಲವು ಬಗೆಯ ಅನಿಲಗಳೂ ಕಣಗಳೂ ಇರುತ್ತವೆ. ಇವುಗಳಲ್ಲಿ ವೈದ್ಯರು ಮುಖ್ಯವಾಗಿ ಅಂಜುವುದು ಅತಿ ಸೂಕ್ಷ್ಮವಾದ ಕಣಗಳಿಗೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣಗಳನ್ನು ವಿಜ್ಞಾನಿಗಳು ಪಿ.ಎಂ. ೨.೫ ಎಂದು ಕರೆಯುತ್ತಾರೆ. ನಮ್ಮ ತಲೆಗೂದಲಿನ ದಪ್ಪವು ಇದರ ಇಪ್ಪತ್ತು ಮೂವತ್ತು ಪಟ್ಟು ಇರುತ್ತದೆ. ದೊಡ್ಡ ಧೂಳನ್ನು ಮೂಗಿನ ರೋಮಗಳೂ ಗಂಟಲಿನ ತೇವವೂ ತಡೆದು ನಿಲ್ಲಿಸುತ್ತವೆ. ಈ ಸೂಕ್ಷ್ಮಕಣಗಳಾದರೋ ಆ ಕಾವಲನ್ನು ನುಸುಳಿಕೊಂಡು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ; ಅತಿ ಸಣ್ಣವು ರಕ್ತವನ್ನೂ ಸೇರುತ್ತವೆ. ಆದಕಾರಣ ಹೊಗೆಯ ಕೇಡು ಕೆಮ್ಮಿನಲ್ಲಿಯೇ ಮುಗಿಯದೆ ಹೃದಯಕ್ಕೂ ತಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ವಿಧಿಸಿದಂತೆ, ಒಂದು ದಿನದ ಸರಾಸರಿಯಲ್ಲಿ ಘನಮೀಟರು ಗಾಳಿಗೆ ಇಂತಹ ಕಣಗಳು ೧೫ ಮೈಕ್ರೋಗ್ರಾಮನ್ನು ಮೀರಬಾರದು. ನಮ್ಮ ದೇಶದ ಸರಕಾರವು ಇಟ್ಟುಕೊಂಡಿರುವ ಮಿತಿಯು ೬೦.

ಇನ್ನು ಆಟಗಾರನ ಉಸಿರನ್ನು ಲೆಕ್ಕ ಹಾಕೋಣ. ಸುಮ್ಮನೆ ಕುಳಿತ ಮನುಷ್ಯನು ನಿಮಿಷಕ್ಕೆ ಆರೆಂಟು ಲೀಟರು ಗಾಳಿಯನ್ನು ಸೇದಿಕೊಳ್ಳುತ್ತಾನೆ. ಪಳಗಿದ ಕ್ರೀಡಾಪಟುವು ಶಕ್ತಿಯಿದ್ದಷ್ಟೂ ಓಡುವಾಗ ನೂರು ಲೀಟರಿಗೂ ಮೀರಿ ಸೇದುತ್ತಾನೆ. ಅಷ್ಟೇ ಅಲ್ಲ, ಮೂಗು ಸಾಲದೆ ಬಾಯಿಯಿಂದಲೂ ಉಸಿರಾಡುತ್ತಾನೆ. ಮೂಗೆಂಬ ಜರಡಿಯೂ ಆಗ ವ್ಯರ್ಥ. ನೋಡುವವನ ಮೈಗೆ ಒಂದು ಪಾಲು ಹೊಗೆ ಹೊಕ್ಕರೆ ಆಡುವವನ ಮೈಗೆ ಹತ್ತು ಹದಿನೈದು ಪಾಲು ಹೊಗುವುದೆಂದಾಯಿತು. ಅವನು ಗಟ್ಟಿಮುಟ್ಟಾದ ತರುಣ, ಅವನಿಗೇನಾಗುತ್ತದೆ ಎನ್ನುವವರು ಈ ಲೆಕ್ಕವನ್ನು ಮರೆಯಬಾರದು. ಬಟ್ಟೆಯ ಮುಸುಕು ಈ ಕಣಗಳನ್ನು ತಡೆಯಲಾರದು. ತಡೆಯಬಲ್ಲ ಬಿಗಿಯಾದ ಮುಖಕವಚವನ್ನು ಧರಿಸಿ ಐದು ಸೆಟ್ಟುಗಳ ಟೆನ್ನಿಸನ್ನು ಆಡುವುದಂತೂ ಆಗದ ಮಾತು.

ಗಾಳಿ ಕೆಟ್ಟಾಗ ಪಂದ್ಯದ ಅಧಿಕಾರಿಗಳ ಮುಂದೆ ನಾಲ್ಕು ದಾರಿಗಳಿವೆ: ಆಡಿಸುವುದು, ಕಾಯುವುದು, ಸ್ಥಳ ಬದಲಾಯಿಸುವುದು, ಕೈಬಿಡುವುದು. ನಾಲ್ಕಕ್ಕೂ ನಿದರ್ಶನಗಳಿವೆ.

ಕಾಯುವುದಕ್ಕೆ ಉದಾಹರಣೆ ಕ್ಯಾಲಿಫೋರ್ನಿಯದ್ದು. ೨೦೧೮ರ ನವೆಂಬರ್ ೮ರಂದು ಆ ಪ್ರಾಂತದ ಉತ್ತರದಲ್ಲಿ ಹೊತ್ತಿದ ಬೆಂಕಿಯು ಪ್ಯಾರಡೈಸ್ ಎಂಬ ಊರನ್ನು ಸುಟ್ಟು, ೮೫ ಜನರ ಪ್ರಾಣವನ್ನು ತೆಗೆದುಕೊಂಡಿತು. ನೂರಕ್ಕೂ ಹೆಚ್ಚು ಮೈಲಿ ದೂರದ ಬರ್ಕ್‌ಲಿಯಲ್ಲಿ, ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳ ನಡುವೆ ಪ್ರತಿ ವರ್ಷ ನಡೆಯುವ ಪ್ರಸಿದ್ಧವಾದ ಫುಟ್‌ಬಾಲ್ ಪಂದ್ಯಕ್ಕೆ ನವೆಂಬರ್ ೧೭ರ ದಿನ ಗೊತ್ತಾಗಿತ್ತು. ಹೊಗೆಯ ಕಾರಣ ಅದನ್ನು ಡಿಸೆಂಬರ್ ೧ಕ್ಕೆ ಹಾಕಿದರು. ಎರಡು ವಾರ ಕಾಯುವಷ್ಟು ಅವಕಾಶವಿದ್ದುದರಿಂದ ಇದು ಸಾಧ್ಯವಾಯಿತು. ನ್ಯೂಯಾರ್ಕಿನಲ್ಲಿಯೂ ೨೦೨೩ರ ಜೂನ್ ೭ರಂದು, ಕೆನಡಾದ ಕಾಡುಗಳ ಹೊಗೆಯು ನಗರವನ್ನು ಕಿತ್ತಳೆಯ ಬಣ್ಣಕ್ಕೆ ತಿರುಗಿಸಿದಾಗ, ಅಲ್ಲಿಯ ಬೇಸ್‌ಬಾಲ್ ಆಟವನ್ನು ಮರುದಿನಕ್ಕೆ ಮುಂದೂಡಿದರು.

ಕೈಬಿಡುವುದಕ್ಕೆ ನಿದರ್ಶನ ಅದೇ ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ನಡೆಯುವ, ‘ವೆಸ್ಟರ್ನ್ ಸ್ಟೇಟ್ಸ್’ ಎಂಬ ನೂರು ಮೈಲಿಗಳ ಓಟ. ೨೦೦೮ರ ಜೂನಿನಲ್ಲಿ ಬೆಂಕಿ ಹೊಗೆಗಳ ದೆಸೆಯಿಂದ ಆ ವರ್ಷದ ಓಟವನ್ನೇ ರದ್ದು ಮಾಡಿದರು. ಟೆನ್ನಿಸಿನ ಅಂಗಳ ಎಲ್ಲಿದ್ದರೂ ಒಂದೇ ಅಳತೆ. ಅದನ್ನು ಬೆಂಡಿಗೋವಿಗೂ ಒಯ್ಯಬಹುದು. ಆ ಓಟವಾದರೋ ಆ ಬೆಟ್ಟದ ಆ ಕಾಲುದಾರಿಯದೇ. ದಾರಿಯನ್ನು ಹೊತ್ತು ಬೇರೆಡೆಗೆ ಒಯ್ಯುವುದೆಂತು? ರಥೋತ್ಸವವನ್ನು ಊರು ಬದಲಾಯಿಸಿ ನಡೆಸಲಾಗದಂತೆ, ಕೆಲವು ಆಟಗಳೂ ನೆಲಕ್ಕೆ ಅಂಟಿಕೊಂಡವು.

ಸ್ಥಳ ಬದಲಾವಣೆಯ ಕಥೆಗಳು ಹೆಚ್ಚು ಬೋಧಪ್ರದವಾಗಿವೆ. ೨೦೦೩ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೋ ನಗರದ ಸುತ್ತ ಭಾರಿ ಬೆಂಕಿಯೆದ್ದಾಗ, ಅಲ್ಲಿಯ ದೊಡ್ಡ ಕ್ರೀಡಾಂಗಣವು ಮನೆ ಬಿಟ್ಟು ಓಡಿಬಂದವರ ಆಶ್ರಯಸ್ಥಾನವಾಯಿತು. ಅಕ್ಟೋಬರ್ ೨೭ರಂದು ಅಲ್ಲಿಯೇ ಫುಟ್‌ಬಾಲ್ ಪಂದ್ಯವು ನಡೆಯತಕ್ಕದ್ದಿತ್ತು. ಅಧಿಕಾರಿಗಳು ಅದನ್ನು ಮುನ್ನೂರು ಮೈಲಿಗೂ ಆಚೆ, ಅರಿಜೋನದ ಟೆಂಪಿ ಎಂಬಲ್ಲಿಗೆ ಸಾಗಿಸಿ, ಹಣ ತೆಗೆದುಕೊಳ್ಳದೆ ಜನರನ್ನು ಒಳಗೆ ಬಿಟ್ಟರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ನೆರೆದರು. ೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಬಡಾವಣೆಗಳು ಉರಿದಾಗಲೂ, ಅಲ್ಲಿಯ ತಂಡದ ಮುಖ್ಯ ಪಂದ್ಯವೊಂದನ್ನು ಜನವರಿ ೧೩ರಂದು ಅದೇ ಅರಿಜೋನದ ಗ್ಲೆಂಡೇಲಿನಲ್ಲಿ ಆಡಿಸಿದರು. ಈ ಎರಡರಲ್ಲಿಯೂ ಗಾಳಿಯ ಮಾತಿನೊಡನೆ ಇನ್ನೊಂದು ಮಾತೂ ಸೇರಿಕೊಂಡಿದೆ. ದೊಡ್ಡ ಪಂದ್ಯವೊಂದಕ್ಕೆ ನೂರಾರು ಪೊಲೀಸರೂ ಬೆಂಕಿ ನಂದಿಸುವವರೂ ಆಸ್ಪತ್ರೆಯ ಗಾಡಿಗಳೂ ಬೇಕು. ಮನೆಗಳು ಉರಿಯುತ್ತಿರುವಾಗ ಅವರನ್ನು ಆಟದ ಕಾವಲಿಗೆ ನಿಲ್ಲಿಸುವುದು ಧರ್ಮವಲ್ಲ. ಆಟವು ಅಲ್ಲಿಂದ ಹೊರಟುಹೋದರೆ ಅದೇ ಊರಿಗೆ ದೊಡ್ಡ ಉಪಕಾರ.

ಸಿಯಾಟಲ್ ನಗರದ ಕಥೆಯಿಂದ ಬೇರೊಂದು ಪಾಠವಿದೆ. ೨೦೨೦ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಶ್ಚಿಮ ತೀರವೆಲ್ಲ ಹೊಗೆಯಲ್ಲಿ ಮುಳುಗಿತ್ತು. ಸಿಯಾಟಲಿನ ಬೇಸ್‌ಬಾಲ್ ಅಂಗಳಕ್ಕೆ ಬೇಕೆಂದಾಗ ಮುಚ್ಚುವ ಛಾವಣಿಯಿದೆ. ಆದರೆ ಆ ಛಾವಣಿಯು ಕೊಡೆಯಂತೆ ಮೇಲನ್ನು ಮಾತ್ರ ಮುಚ್ಚುವುದು. ಪಕ್ಕಗಳು ತೆರೆದೇ ಇರುವುವು. ಮಳೆಯನ್ನು ತಡೆಯಲು ಕಟ್ಟಿದುದು ಹೊಗೆಯನ್ನು ತಡೆಯಲಿಲ್ಲ. ಸೆಪ್ಟೆಂಬರ್ ೧೪ರಂದು, ಗಾಳಿಯ ಸೂಚಿಯು ೨೦೦ನ್ನು ದಾಟಿದ್ದರೂ, ಅಲ್ಲಿ ಒಂದೇ ದಿನ ಎರಡು ಪಂದ್ಯಗಳನ್ನು ಆಡಿಸಿದರು. ಏದುಸಿರು ಬಿಟ್ಟ ಆಟಗಾರರು ಬಹಿರಂಗವಾಗಿ ದೂರಿದ ಮೇಲೆ, ಮುಂದಿನ ಪಂದ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೋವಿಗೆ ಸಾಗಿಸಿದರು. ಅದೇ ಸ್ಯಾನ್ ಫ್ರಾನ್ಸಿಸ್ಕೋವಿನ ಆಕಾಶವು ಒಂದು ವಾರದ ಹಿಂದೆ, ಸೆಪ್ಟೆಂಬರ್ ೯ರಂದು, ಹಾಡುಹಗಲೇ ಕಿತ್ತಳೆಯ ಬಣ್ಣವಾಗಿ ದೀಪ ಹಚ್ಚುವಂತಾಗಿದ್ದುದನ್ನು ನೆನೆದರೆ, ಸ್ಥಳ ಬದಲಾವಣೆಯ ಮಿತಿಯು ತಾನಾಗಿಯೇ ತಿಳಿದುಬರುತ್ತದೆ. ಹೊಗೆಗೆ ಗಡಿಯಿಲ್ಲ, ಗಾಳಿ ತಿರುಗಿದರೆ ಇಂದು ಒಳ್ಳೆಯದಾದ ಊರು ನಾಳೆ ಕೆಟ್ಟದಾಗುತ್ತದೆ. ಅದಲ್ಲದೆ, ಆ ವರ್ಷ ಸಾಂಕ್ರಾಮಿಕ ರೋಗದ ನಿಮಿತ್ತ ಪ್ರೇಕ್ಷಕರೇ ಇರಲಿಲ್ಲವಾದಕಾರಣ ಆಟವನ್ನು ಒಯ್ಯುವುದು ಸುಲಭವಾಯಿತು. ನಲವತ್ತು ಸಾವಿರ ಜನ ಟಿಕೆಟ್ಟು ಕೊಂಡು, ರೈಲಿಗೂ ವಸತಿಗೂ ಹಣ ಕಟ್ಟಿದ್ದ ಪಕ್ಷದಲ್ಲಿ ಅಧಿಕಾರಿಗಳ ಕೈ ಅಷ್ಟು ಬೇಗ ಮುಂದಾಗುತ್ತಿತ್ತೆ ಎಂಬುದು ಸಂದೇಹವೇ.

ಹಾಗೆಂದು ಸ್ಥಳವನ್ನು ಬದಲಾಯಿಸಬಾರದೆಂದು ವಾದಿಸುವವರ ಮಾತನ್ನು ಕೇಳದೆ ಬಿಡುವುದು ನ್ಯಾಯವಲ್ಲ. ಪಂದ್ಯವನ್ನು ನಂಬಿ ಬದುಕುವ ಸಣ್ಣ ಜನರಿದ್ದಾರೆ: ತಿಂಡಿ ಮಾರುವವರು, ವಸತಿಗೃಹದವರು, ಗಾಡಿ ಹೊಡೆಯುವವರು, ದಿನಗೂಲಿಯ ಮೇಲೆ ಅಂಗಳ ಗುಡಿಸುವವರು. ಬೆಂಕಿಯಿಂದ ಮೊದಲೇ ನೊಂದ ಊರಿಗೆ ಆ ವರಮಾನವೂ ತಪ್ಪಿದರೆ ಗಾಯದ ಮೇಲೆ ಬರೆ ಎಳೆದಂತೆ. ದುಃಖದ ದಿನಗಳಲ್ಲಿ ತಮ್ಮ ಊರಿನ ತಂಡವು ತಮ್ಮ ಕಣ್ಣೆದುರಿನಲ್ಲಿಯೇ ಆಡಿದರೆ ಜನರಿಗೆ ಧೈರ್ಯ ಬರುವುದೆಂಬುದೂ ಸುಳ್ಳಲ್ಲ. ಇವೆಲ್ಲ ತೂಕವುಳ್ಳ ಮಾತುಗಳು. ಆದರೆ ಈ ನಷ್ಟಗಳನ್ನು ಹಣದಿಂದಲೂ ಮುಂದಿನ ವರ್ಷದ ಪಂದ್ಯದಿಂದಲೂ ತುಂಬಿಕೊಡಲು ದಾರಿಯಿದೆ. ಕೆಟ್ಟ ಶ್ವಾಸಕೋಶಕ್ಕೆ ಅಂತಹ ಪರಿಹಾರವಿಲ್ಲ.

ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದುದು ಮೆಲ್ಬರ್ನ್ ನಗರದಲ್ಲಿ ೨೦೨೦ರ ಜನವರಿ ೧೪ರಂದು ನಡೆದ ಸಂಗತಿ. ಅಲ್ಲಿ ಆಸ್ಟ್ರೇಲಿಯನ್ ಓಪನ್ ಎಂಬ ಜಗತ್ಪ್ರಸಿದ್ಧವಾದ ಟೆನ್ನಿಸ್ ಪಂದ್ಯಾವಳಿಯ ಅರ್ಹತೆಯ ಆಟಗಳು ಆರಂಭವಾಗಬೇಕಾಗಿತ್ತು. ಪೂರ್ವದಿಕ್ಕಿನ ಕಾಡುಗಳ ಹೊಗೆಯು ನಗರವನ್ನು ತುಂಬಿತ್ತು. ಕಿಟಕಿಗಳನ್ನು ಮುಚ್ಚಿಕೊಂಡು ಒಳಗೇ ಇರಿರೆಂದು ನಾಗರಿಕರಿಗೆ ಸೂಚನೆ ಹೊರಟಿತ್ತು. ಬೆಳಗಿನ ಅಭ್ಯಾಸವನ್ನು ನಿಲ್ಲಿಸಿದರು. ಆದರೆ ಅರ್ಹತೆಯ ಆಟಗಳನ್ನು ಒಂದು ಗಂಟೆ ತಡಮಾಡಿ ಆರಂಭಿಸಿಯೇ ಬಿಟ್ಟರು. ಸ್ಲೊವೇನಿಯ ದೇಶದ ದಲೀಲಾ ಯಾಕುಪೊವಿಚ್ ಎಂಬಾಕೆ ಮೊದಲ ಸೆಟ್ಟನ್ನು ಗೆದ್ದಿದ್ದಳು. ಎರಡನೆಯದರಲ್ಲಿ ಕೆಮ್ಮು ತಡೆಯಲಾರದೆ ಅಂಗಳದಲ್ಲಿಯೇ ಮೊಣಕಾಲೂರಿ ಕುಸಿದು, ಗೆಲ್ಲಬಹುದಾಗಿದ್ದ ಆಟವನ್ನು ಬಿಟ್ಟುಕೊಟ್ಟು ಹೊರನಡೆದಳು.

ಈ ಅರ್ಹತೆಯ ಆಟಗಳನ್ನು ಆಡುವವರು ಯಾರೆಂಬುದನ್ನು ವಾಚಕರು ಗಮನಿಸಬೇಕು. ಹೆಸರಾಂತ ಆಟಗಾರರಿಗೆ ನೇರವಾಗಿ ಮುಖ್ಯ ಪಂದ್ಯಾವಳಿಯಲ್ಲಿಯೇ ಸ್ಥಾನವಿರುತ್ತದೆ. ಅರ್ಹತೆಗಾಗಿ ಸೆಣಸುವವರು ಕೆಳಗಿನ ಶ್ರೇಣಿಯವರು. ಊರಿಂದೂರಿಗೆ ಸ್ವಂತ ಖರ್ಚಿನಲ್ಲಿ ಅಲೆಯುವವರು. ಆ ವಾರದ ಗೆಲವೇ ಅವರಲ್ಲಿ ಎಷ್ಟೋ ಮಂದಿಗೆ ವರ್ಷದ ಖರ್ಚನ್ನು ತೂಗಿಸತಕ್ಕದ್ದು. ಹೊಗೆಯಿದೆಯೆಂದು ಒಬ್ಬನು ತಾನೇ ಹಿಂದೆ ಸರಿದರೆ ಅವನ ಎದುರಾಳಿಯು ಮುಂದೆ ಹೋಗುತ್ತಾನೆ. ಸರಿದವನಿಗೆ ಏನೂ ಉಳಿಯುವುದಿಲ್ಲ. ಆದಕಾರಣ ‘ಬೇಡವಾದವರು ಆಡದಿರಲಿ’ ಎಂಬುದು ಸ್ವಾತಂತ್ರ್ಯದ ಮಾತಿನಂತೆ ಕೇಳಿಸಿದರೂ ಸ್ವಾತಂತ್ರ್ಯವಲ್ಲ. ಹಸಿದವನಿಗೆ ಊಟ ಬಿಡುವ ಸ್ವಾತಂತ್ರ್ಯವನ್ನು ಕೊಟ್ಟಂತೆ ಅದು. ಮೂರು ಅಂಗಳಗಳಿಗೆ ಮುಚ್ಚುವ ಛಾವಣಿಯಿದ್ದರೂ, ಬಯಲಿನ ಅಂಗಳಗಳಲ್ಲಿ ಹೊಗೆ ಕುಡಿದವರು ಕೆಳಗಿನ ಶ್ರೇಣಿಯವರೇ.

ಆ ಬಳಿಕ ಕೆಲವೇ ದಿನಗಳಲ್ಲಿ ಅಧಿಕಾರಿಗಳು ಗಾಳಿಯ ವಿಷಯವಾಗಿ ನಿಯಮವೊಂದನ್ನು ಪ್ರಕಟಿಸಿದರು. ಸೂಕ್ಷ್ಮಕಣಗಳ ಪ್ರಮಾಣವು ೨೦೦ನ್ನು ಮೀರಿದರೆ ಆಟ ನಿಲ್ಲತಕ್ಕದ್ದು. ೯೭ರಿಂದ ೨೦೦ರವರೆಗೆ ಇದ್ದರೆ ವಿಚಾರ ಮಾಡಿ ನಿರ್ಣಯಿಸತಕ್ಕದ್ದು ಎಂಬುದು ಅದರ ಸಾರ. ೨೦೦ ಎಂಬ ಅಂಕಿಯು ಉದಾರವಾಯಿತೆಂದು ಯಾರಾದರೂ ಹೇಳಬಹುದು. ಆದರೂ ಒಂದು ಅಂಕಿಯಿರುವುದು ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಅಮೆರಿಕದ ಕಾಲೇಜುಗಳ ಕ್ರೀಡಾಸಂಘವೂ ಇಂತಹ ಮೆಟ್ಟಿಲುಗಳನ್ನು ಕಟ್ಟಿಕೊಂಡಿದೆ: ಗಾಳಿಯ ಸೂಚಿಯು ೧೦೦ನ್ನು ದಾಟಿದರೆ ಉಬ್ಬಸ ಮುಂತಾದುವುಳ್ಳ ಆಟಗಾರರ ಮೇಲೆ ಕಣ್ಣಿಡಬೇಕು, ೨೦೦ನ್ನು ದಾಟಿದರೆ ಆಟವನ್ನು ಮುಂದೂಡುವುದನ್ನೋ ಒಳಾಂಗಣಕ್ಕೆ ಒಯ್ಯುವುದನ್ನೋ ಗಂಭೀರವಾಗಿ ಯೋಚಿಸಬೇಕು, ೩೦೦ರಲ್ಲಿ ಹೊರಗಿನ ಆಟ ಕೂಡದು.

ನಮ್ಮ ಅಭಿಪ್ರಾಯದ ತಿರುಳು ಇದೇ. ಆಟವನ್ನು ಬೇರೆಡೆಗೆ ಒಯ್ಯಬೇಕೆ ಎಂಬ ಪ್ರಶ್ನೆಯನ್ನು ಹೊಗೆ ಬಂದ ದಿನದ ಬೆಳಗ್ಗೆ, ಲಾಭನಷ್ಟಗಳ ಗದ್ದಲದ ನಡುವೆ ನಿರ್ಣಯಿಸಲು ಹೊರಡುವುದೇ ತಪ್ಪು. ಆ ಹೊತ್ತಿನಲ್ಲಿ ಟಿಕೆಟ್ಟು ಮಾರಿದವರ ಕಣ್ಣಿಗೆ ಹೊಗೆ ತೆಳುವಾಗಿಯೇ ಕಾಣುವುದು. ಋತುವಿನ ಆರಂಭದಲ್ಲಿಯೇ, ಆಕಾಶ ತಿಳಿಯಾಗಿರುವಾಗ, ಇಷ್ಟು ಅಂಕಿಯಾದರೆ ಆಟವಿಲ್ಲ, ಮೂರು ದಿನಗಳಲ್ಲಿ ಇಳಿಯದಿದ್ದರೆ ಇಂತಹ ಊರಿಗೆ ಹೋಗುವೆವು, ಟಿಕೆಟ್ಟಿನ ಹಣ ಹೀಗೆ ಹಿಂದಿರುಗುವುದು ಎಂದು ಬರೆದಿಡಬೇಕು. ಅಂಕಿಯನ್ನು ನೋಡಿ ಹೇಳುವ ಅಧಿಕಾರವು ಪಂದ್ಯದ ಹಣದಲ್ಲಿ ಪಾಲಿಲ್ಲದ ವೈದ್ಯನ ಕೈಯಲ್ಲಿರಬೇಕು. ಮಳೆಗೆ ನಿಯಮವಿರುವಂತೆ ಹೊಗೆಗೂ ನಿಯಮವಾದರೆ ಯಾರೊಬ್ಬರೂ ಧೀರರಾಗಿ ತೋರಬೇಕಾದ ಅಗತ್ಯವಿಲ್ಲ. ಯಾರೂ ಹೇಡಿಗಳೂ ಆಗುವುದಿಲ್ಲ.

ಆಟವು ಊರು ಬಿಟ್ಟು ಹೋದಮೇಲೂ ಊರಿನವರು ಅಲ್ಲಿಯೇ ಇರುವರೆಂಬುದನ್ನು ಮಾತ್ರ ಮರೆಯಬಾರದು. ಆಸ್ಟ್ರೇಲಿಯದ ಆ ಬೇಸಗೆಯಲ್ಲಿ ಬೆಂಕಿಯ ಬಾಯಿಗೇ ಸಿಕ್ಕಿ ಸತ್ತವರು ೩೩ ಮಂದಿ. ಹೊಗೆಯಿಂದ ಸತ್ತವರು ಸುಮಾರು ೪೧೭ ಮಂದಿಯೆಂದೂ, ಉಸಿರಿನ ಬೇನೆಗಳಿಂದ ಎರಡು ಸಾವಿರಕ್ಕೂ ಹೆಚ್ಚು ಮಂದಿ ಆಸ್ಪತ್ರೆಗಳನ್ನು ಸೇರಿದರೆಂದೂ ಅಲ್ಲಿಯ ವಿದ್ವಾಂಸರು ೨೦೨೦ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಉರಿಯನ್ನು ಕಂಡು ನಾವು ಓಡುತ್ತೇವೆ. ಹೊಗೆಯನ್ನು ಕಂಡು ಕಣ್ಣುಜ್ಜಿಕೊಂಡು ಸುಮ್ಮನಾಗುತ್ತೇವೆ. ಕೊಲ್ಲುವುದರಲ್ಲಿ ಹೊಗೆಯೇ ಮುಂದು. ಪ್ರಸಿದ್ಧವಾದ ಪಂದ್ಯವೊಂದು ಗಾಳಿ ಕೆಟ್ಟಿದೆಯೆಂದು ಊರು ಬಿಟ್ಟರೆ, ಅದು ಉಳಿದವರಿಗೂ ಒಂದು ಎಚ್ಚರಿಕೆಯ ಗಂಟೆಯಾಗುತ್ತದೆ. ಅದೇ ಪಂದ್ಯವನ್ನು ಹೊಗೆಯಲ್ಲಿಯೇ ನಡೆಸಿದರೆ, ‘ಅವರೇ ಆಡುತ್ತಿರುವಾಗ ನಮಗೇನು’ ಎಂದು ಮಕ್ಕಳೂ ಬೀದಿಗಿಳಿಯುವರು.

ನಮ್ಮ ದೇಶಕ್ಕೂ ಈ ಮಾತು ಹೊರಗಿನದಲ್ಲ. ೨೦೧೬ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ನಡೆಯತಕ್ಕದ್ದಿದ್ದ ಎರಡು ರಣಜಿ ಪಂದ್ಯಗಳನ್ನು, ಒಂದು ಚೆಂಡನ್ನೂ ಎಸೆಯದೆ, ಕೆಟ್ಟ ಗಾಳಿಯ ಕಾರಣದಿಂದ ಕೈಬಿಡಲಾಯಿತು. ಅಲ್ಲಿಯದು ಕಾಡಿನ ಹೊಗೆಯಲ್ಲ. ಸುತ್ತಣ ಸೀಮೆಗಳ ಹೊಲಗಳಲ್ಲಿ ಸುಡುವ ಬತ್ತದ ಕೂಳೆಯ ಹೊಗೆ, ಪಟಾಕಿಯ ಹೊಗೆ, ಮೋಟಾರುಗಳ ಹೊಗೆ ಎಲ್ಲವೂ ಕೂಡಿದ್ದು. ೨೦೧೭ರ ಡಿಸೆಂಬರಿನಲ್ಲಿ ಅದೇ ದಿಲ್ಲಿಯಲ್ಲಿ ಲಂಕೆಯ ಆಟಗಾರರು ಮುಖಕ್ಕೆ ಮುಸುಕು ಕಟ್ಟಿಕೊಂಡು ಟೆಸ್ಟ್ ಪಂದ್ಯವನ್ನಾಡಿದುದನ್ನು ಲೋಕವೇ ನೋಡಿತು. ಶ್ವಾಸಕೋಶಕ್ಕೆ ಕಾಡಿನ ಹೊಗೆ, ಗದ್ದೆಯ ಹೊಗೆ ಎಂಬ ಭೇದವೇನೂ ತಿಳಿಯದು.

ಗೃಹಸ್ಥರು ಇದರಿಂದ ತೆಗೆದುಕೊಳ್ಳಬಹುದಾದುದೂ ಇದೆ. ೨೦೧೫ರಿಂದ ನಮ್ಮ ದೇಶದಲ್ಲಿಯೂ ಗಾಳಿಯ ಗುಣವನ್ನು ಸೊನ್ನೆಯಿಂದ ಐನೂರರವರೆಗಿನ ಒಂದೇ ಅಂಕಿಯಲ್ಲಿ ತಿಳಿಸುವ ಸೂಚಿಯಿದೆ. ೫೦ರೊಳಗೆ ಉತ್ತಮ, ೩೦೦ರಾಚೆ ಬಹಳ ಕೆಟ್ಟುದು. ಮಕ್ಕಳ ಶಾಲೆಯ ಕ್ರೀಡೋತ್ಸವದ ದಿನ ಬಿಸಿಲು ಮಳೆಗಳನ್ನು ನೋಡುವಂತೆ ಅದನ್ನೂ ನೋಡಬಹುದು. ಉಬ್ಬಸವಿರುವ ಮಗುವನ್ನು ಹೊಗೆಯ ದಿನ ಓಡಿಸದಿರಬಹುದು. ಆಟದ ಬಯಲಿನ ಬದಿಯಲ್ಲಿ ಕಸದ ರಾಶಿಗೆ ಬೆಂಕಿಯಿಡುವುದನ್ನು ತಡೆಯಬಹುದು. ಇದಕ್ಕೆ ಯಾವ ಸಂಘದ ಅಪ್ಪಣೆಯೂ ಬೇಡ. ಕಪ್ಪನ್ನು ಗೆಲ್ಲಲು ಮುಂದಿನ ವರ್ಷವೂ ಇದೆ. ಮಗುವಿಗೆ ಇರುವ ಶ್ವಾಸಕೋಶಗಳು ಎರಡೇ.